ಬಂಡಿದಾರಿಯ ಮೋಟಾರ್‌ಸೈಕಲ್ಲೂ ಕನ್ನಡ ಶಾಲೆಯೂ

ಯಂತ್ರದ ವಿಷಯ ಬಂತೆಂದರೆ ಕನ್ನಡ ಶಾಲೆಯ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಭಾವನೆ ಗಡಿನಾಡಿನಲ್ಲಿ ಬಹಳ ಕಾಲದಿಂದ ಬೇರೂರಿದೆ. ಕಾವ್ಯ, ವ್ಯಾಕರಣ, ರಾಜ್ಯೋತ್ಸವದ ಭಾಷಣ ಇಷ್ಟು ಕನ್ನಡದ ಪಾಲು. ಇಂಜಿನು, ಚಕ್ರ, ಸ್ಪ್ರಿಂಗು ಇವೆಲ್ಲ ಬೇರೆ ಭಾಷೆಗಳ ಪಾಲು. ಈ ಪಾಲುಪಟ್ಟಿಯನ್ನು ಬರೆದವರು ಯಾರೋ ತಿಳಿಯದು. ಒಪ್ಪಿಕೊಂಡು ರುಜು ಹಾಕಿದವರು ಮಾತ್ರ ನಾವೇ. ಮೋಟಾರ್‌ಸೈಕಲ್ಲಿನ ಶಾಕಬ್ಸರ್ ಎಂಬ ಒಂದು ಸಣ್ಣ ವಿಷಯವನ್ನು ಹಿಡಿದು ಈ ಪಾಲುಪಟ್ಟಿ ಎಷ್ಟು ತಪ್ಪು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನಿರುವುದು ಆಂಧ್ರದ ಅನಂತಪುರ ಜಿಲ್ಲೆಯ ಗುಮ್ಮಘಟ್ಟದ ಕಡೆ. ರಾಯದುರ್ಗ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳೊಂದಿಗೆ ನಾವೂ ಆಚೆಗೆ ಹೋದೆವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ಕಾಸರಗೋಡಿಗೆ ಆದದ್ದೇನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ನಿಮಗೆ ಮಲಯಾಳ, ನಮಗೆ ತೆಲುಗು. ನಿಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ, ನಮ್ಮಲ್ಲಿ 550ರ ಆಸುಪಾಸು. ಬೇರೆಯದೆಲ್ಲ ಒಂದೇ. ನಿಮ್ಮ ಎಣ್ಮಕಜೆ, ಪೈವಳಿಕೆಗಳ ಮುರಕಲ್ಲಿನ ಏರುದಾರಿಯಾಗಲಿ, ನಮ್ಮ ಹಗರಿ ದಂಡೆಯ ಮರಳಿನ ಬಂಡಿದಾರಿಯಾಗಲಿ, ಇಂದು ಅಲ್ಲಿ ಎತ್ತಿನ ಗಾಡಿಯ ಕೆಲಸವನ್ನು ಮಾಡುತ್ತಿರುವುದು ಮೋಟಾರ್‌ಸೈಕಲ್ಲು. ಹಾಲಿನ ಕ್ಯಾನು, ಶೇಂಗಾ ಮೂಟೆ, ಅಡಿಕೆಯ ಗೋಣಿ, ಹೆಂಡತಿ ಮಕ್ಕಳು, ಆಸ್ಪತ್ರೆಗೆ ಹೊರಟ ಮುದುಕರು, ಎಲ್ಲರನ್ನೂ ಎಲ್ಲವನ್ನೂ ಅದೇ ಹೊರುತ್ತದೆ. ಪಟ್ಟಣದವರಿಗೆ ಕಚ್ಚಾ ದಾರಿಯ ಸವಾರಿ ಒಂದು ಮೋಜಿನ ಆಟ. ನಮಗೆ ಅದು ದಿನನಿತ್ಯದ ಬಾಳು.

ಇಂಥ ದಾರಿಯಲ್ಲಿ ಸವಾರನನ್ನು ಕಾಯುವುದು ಇಂಜಿನಲ್ಲ, ಶಾಕಬ್ಸರ್. ಅದರ ಕೆಲಸ ಎರಡು. ಹಳ್ಳ ದಿಣ್ಣೆಯ ಪೆಟ್ಟನ್ನು ನುಂಗುವುದು ಒಂದು. ಚಕ್ರ ನೆಲವನ್ನು ಬಿಡದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದೇ ಮುಖ್ಯ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಪೆಟ್ಟನ್ನು ನುಂಗಲು ಸ್ಪ್ರಿಂಗ್ ಇದೆ. ಹಾಕಿದ ಭಾರಕ್ಕೆ ತಕ್ಕಷ್ಟು ಸ್ಪ್ರಿಂಗ್ ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ. ಆದರೆ ಬರಿಯ ಸ್ಪ್ರಿಂಗ್ ಇದ್ದರೆ ನುಂಗಿದ್ದನ್ನು ಹಾಗೆಯೇ ಉಗುಳುತ್ತದೆ. ಗಾಡಿ ಚೆಂಡಿನಂತೆ ಪುಟಿಯುತ್ತಲೇ ಇರುತ್ತದೆ. ಅದನ್ನು ತಡೆಯಲು ಒಳಗೆ ಎಣ್ಣೆ ಇದೆ. ಸಣ್ಣ ತೂತುಗಳ ಮೂಲಕ ನುಗ್ಗುವ ಎಣ್ಣೆ ಸ್ಪ್ರಿಂಗಿನ ಆವೇಗವನ್ನು ಶಾಖವಾಗಿ ಪರಿವರ್ತಿಸಿ ಅಡಗಿಸುತ್ತದೆ. ದೂರ ಓಡಿದ ಮೇಲೆ ಶಾಕಬ್ಸರ್ ಮುಟ್ಟಿದರೆ ಬಿಸಿಯಾಗಿರುವುದು ಇದೇ ಕಾರಣಕ್ಕೆ. ಎಣ್ಣೆಯ ಅಡಕವುಳ್ಳ ಮುಂದಿನ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯೂ. 1935ರಲ್ಲಿ ತನ್ನ ಗಾಡಿಗೆ ಹಾಕಿತು. ಹಿಂದುಗಡೆ ಎರಡರ ಬದಲು ಒಂದೇ ಶಾಕ್ ಸಾಕೆಂದು ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಇಂಜಿನಿಯರು ತೋರಿಸಿಕೊಟ್ಟ ವಿಧಾನವನ್ನು ಯಮಹಾ ಕಂಪೆನಿ ಕೊಂಡಿತು. 1973ರಲ್ಲಿ ಆ ಗಾಡಿಯ ಮೇಲೆ ಹಾಕನ್ ಆಂಡರ್ಸನ್ 250 ಸಿ.ಸಿ. ಮೋಟೋಕ್ರಾಸ್‌ನ ವಿಶ್ವ ಚಾಂಪಿಯನ್ ಆದ. ಇಂದು ನಮ್ಮೂರ ಹುಡುಗರು ಮಾನೋಶಾಕ್ ಎಂದು ಹೆಮ್ಮೆಯಿಂದ ತೋರಿಸುವುದು ಅದೇ ವಂಶದ್ದು.

ಇನ್ನು ಅದನ್ನು ಹದ ಮಾಡುವ ಬಗೆ. ಇದಕ್ಕೆ ಬೇಕಾದುದು ಒಂದು ಅಳತೆ ಟೇಪು, ಒಂದು ಪೆನ್ಸಿಲು, ಇಬ್ಬರು ಸ್ನೇಹಿತರು. ಗಾಡಿಯ ಹಿಂದಿನ ಚಕ್ರ ನೆಲದಿಂದ ಮೇಲಿರುವಂತೆ ನಿಲ್ಲಿಸಿ, ಚಕ್ರದ ಅಚ್ಚಿನಿಂದ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಬೇಕು. ಅನಂತರ ಗಾಡಿಯನ್ನು ನೆಲಕ್ಕಿಳಿಸಿ, ಸವಾರ ದಿನವೂ ತೊಡುವ ಉಡುಪಿನಲ್ಲಿ ದಿನವೂ ಕೂರುವಂತೆ ಕುಳಿತಾಗ ಅದೇ ಅಳತೆಯನ್ನು ಮತ್ತೆ ತೆಗೆಯಬೇಕು. ಎರಡರ ವ್ಯತ್ಯಾಸವೇ ಸವಾರನ ಭಾರಕ್ಕೆ ಆದ ಇಳಿತ. ರೇಸಿನವರು ಇದನ್ನು ಸ್ಯಾಗ್ ಎನ್ನುತ್ತಾರೆ. ಕಚ್ಚಾ ದಾರಿಯ ಗಾಡಿಗೆ ಈ ಇಳಿತ ಒಟ್ಟು ಚಲನೆಯ ಸುಮಾರು ಮೂರರಲ್ಲೊಂದು ಭಾಗ ಇರಬೇಕೆಂಬುದು ವಾಡಿಕೆ. ಹೀರೋ ಎಕ್ಸ್‌ಪಲ್ಸ್ 200 ಗಾಡಿಯ ಹಿಂಚಕ್ರದ ಚಲನೆ 170 ಮಿಲಿಮೀಟರ್. ಆದ್ದರಿಂದ 50ರಿಂದ 55 ಮಿಲಿಮೀಟರ್ ಇಳಿದರೆ ಸರಿ. ಇದಕ್ಕಿಂತ ಹೆಚ್ಚು ಇಳಿದರೆ ಸ್ಪ್ರಿಂಗಿನ ಕೆಳಗಿನ ಬಳೆಯನ್ನು ಬಿಗಿ ಮಾಡಬೇಕು, ಕಡಿಮೆ ಇಳಿದರೆ ಸಡಿಲಿಸಬೇಕು. ಎರಡು ಶಾಕಿರುವ ಸಾಧಾರಣ ಗಾಡಿಯಲ್ಲಿ ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಬೇಕೆಂಬುದನ್ನು ಮರೆಯಬಾರದು. ಹಾಲಿನ ಕ್ಯಾನು ಹೇರುವವನು ಬೆಳಿಗ್ಗೆ ಒಂದೆರಡು ಮೆಟ್ಟಿಲು ಏರಿಸಿ, ಬರಿಗಾಡಿಯಲ್ಲಿ ಮರಳುವಾಗ ಇಳಿಸಿಕೊಂಡರೆ ಅವನ ಬೆನ್ನೂ ಉಳಿಯುತ್ತದೆ, ಗಾಡಿಯೂ ಉಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೇಳಲೇಬೇಕು. ಬಳೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಹಾಗಲ್ಲ. ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೆ. ಪೂರಾ ಬಿಗಿ ಮಾಡಿದರೂ ಇಳಿತ ಹೆಚ್ಚೇ ಇದ್ದರೆ ಆ ಸವಾರನಿಗೆ, ಆ ಹೊರೆಗೆ, ಆ ಸ್ಪ್ರಿಂಗ್ ಸಾಲದು ಎಂದರ್ಥ. ಬದಲಾಯಿಸಬೇಕಾದುದು ಸ್ಪ್ರಿಂಗನ್ನೇ.

ಬೆಲೆಯ ಗಾಡಿಗಳಲ್ಲಿ ಎಣ್ಣೆಯ ಅಡಕವನ್ನೂ ತಿರುಗಿಸಿ ಹದ ಮಾಡುವ ತಿರುಪುಗಳಿವೆ. ಒಂದೊಂದು ತಿರುವಿಗೂ ಕ್ಲಿಕ್ ಎನ್ನುತ್ತದೆ. ಮೊದಲು ತಿರುಪನ್ನು ಮೆತ್ತಗೆ ಪೂರಾ ಒಳಕ್ಕೆ ತಿರುಗಿಸಿ ಎಷ್ಟು ಕ್ಲಿಕ್ ಎಂದೆಣಿಸಿ ಬರೆದಿಟ್ಟುಕೊಳ್ಳಬೇಕು, ಅನಂತರ ಅಷ್ಟೇ ಹಿಂದಕ್ಕೆ ತರಬೇಕು. ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಕ್ಲಿಕ್; ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ ಮತ್ತೆ ಬರೆಯಬೇಕು. ದಿಣ್ಣೆ ದಾಟಿದೊಡನೆ ಹಿಂಭಾಗ ಒದ್ದಂತೆ ಮೇಲೇಳುತ್ತಿದ್ದರೆ ಸ್ಪ್ರಿಂಗ್ ಬೇಗ ಮರಳುತ್ತಿದೆ. ಮರಳುವ ಅಡಕವನ್ನು ಹೆಚ್ಚಿಸಬೇಕು. ಸಾಲು ಗುಂಡಿಗಳಲ್ಲಿ ಗಾಡಿ ಕುಗ್ಗುತ್ತ ಕುಗ್ಗುತ್ತ ಕೊನೆಗೆ ಕಲ್ಲಿನಂತಾದರೆ ಒಂದು ಗುಂಡಿಗೂ ಮುಂದಿನದಕ್ಕೂ ನಡುವೆ ಅದು ಮೇಲೇಳಲು ಪುರುಸೊತ್ತಿಲ್ಲ. ಅಡಕವನ್ನು ಕಡಿಮೆ ಮಾಡಬೇಕು. ಒಂದನ್ನು ಬದಲಾಯಿಸಿ ಉಳಿದುದನ್ನು ಸ್ಥಿರವಾಗಿಡುವುದು, ನೋಡುವುದು, ಬರೆಯುವುದು. ವಿಜ್ಞಾನದ ಪಾಠವೆಂದರೆ ಇದಲ್ಲದೆ ಬೇರೇನು?

ಇಷ್ಟು ಹದ ಮಾಡಿಯೂ ಪಾಲನೆ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಮುಂಫೋರ್ಕಿನ ಹೊಳೆಯುವ ಕೊಳವೆಯ ಬುಡದಲ್ಲಿ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗುತ್ತಿದೆ ಎಂದರ್ಥ. ಒಮ್ಮೊಮ್ಮೆ ಸೀಲಿನ ತುಟಿಯಲ್ಲಿ ಮರಳಿನ ಕಣ ಸಿಕ್ಕಿರುತ್ತದೆ, ಅಷ್ಟೆ. ಧೂಳುಮುಚ್ಚಿಗೆಯನ್ನು ಇಳಿಸಿ, ಹಳೆಯ ಕ್ಯಾಮೆರಾ ಫಿಲ್ಮಿನ ತುಣುಕೊಂದನ್ನು ಸೀಲಿಗೂ ಕೊಳವೆಗೂ ನಡುವೆ ತೂರಿಸಿ ಸುತ್ತಲೂ ಆಡಿಸಿದರೆ ಆ ಕಣ ಹೊರಬಂದು ಸೋರಿಕೆ ನಿಲ್ಲುವುದುಂಟು. ನಿಲ್ಲದಿದ್ದರೆ ತಡಮಾಡದೆ ಸೀಲ್ ಬದಲಾಯಿಸಬೇಕು. ಸೋರಿದ ಎಣ್ಣೆ ಮುಂದಿನ ಡಿಸ್ಕ್ ಬ್ರೇಕಿನ ಮೇಲೆ ಬಿದ್ದರೆ ಇಳಿಜಾರಿನಲ್ಲಿ ಬ್ರೇಕೇ ಹಿಡಿಯದು. ಫೋರ್ಕಿನ ಎಣ್ಣೆಯನ್ನು ತಯಾರಕರು ಹೇಳಿದ ಅವಧಿಗೆ, ಹೇಳಿದ ದಪ್ಪದ್ದನ್ನೇ, ಎರಡೂ ಕಾಲಿಗೆ ಸಮನಾಗಿ ಹಾಕಬೇಕು. ಎಣ್ಣೆಯ ಮೇಲಿನ ಗಾಳಿಯೂ ಒಂದು ಸ್ಪ್ರಿಂಗಿನಂತೆ ಕೆಲಸ ಮಾಡುವುದರಿಂದ ಅಳತೆ ತಪ್ಪಿದರೆ ಹದವೂ ತಪ್ಪುತ್ತದೆ. ಹ್ಯಾಂಡಲಿನ ಕೋನ್ ಸೆಟ್ಟು, ಹಿಂಚಕ್ರವನ್ನು ಹಿಡಿದಿರುವ ಕವೆಯ ಬುಶ್ಶು ಇವುಗಳನ್ನು ಮಳೆಗಾಲದ ಮೊದಲೂ ಅನಂತರವೂ ನೋಡಬೇಕು. ನಮಗೆ ಧೂಳು ಶತ್ರು, ನಿಮಗೆ ಕೆಸರುನೀರು ಶತ್ರು. ಅಂತೆಯೇ ನೀರಿನ ಗನ್ನನ್ನು ನೇರವಾಗಿ ಸೀಲು ಬೇರಿಂಗುಗಳ ಕಡೆಗೆ ಹಿಡಿಯುವ ಅಭ್ಯಾಸವನ್ನೂ ಬಿಡಬೇಕು.

ಈ ತಿಳುವಳಿಕೆ ಇಲ್ಲದಿರುವಲ್ಲಿ ಏನು ನಡೆಯುತ್ತಿದೆ? ಗಾಡಿ ಎತ್ತರ ಕಾಣಲೆಂದು ಶಾಕಿನ ತುದಿಗೆ ಕಬ್ಬಿಣದ ತುಂಡು ಬೆಸೆಯುತ್ತಾರೆ. ಫೋರ್ಕಿನೊಳಕ್ಕೆ ಪೈಪಿನ ಚೂರು ತುರುಕುತ್ತಾರೆ. ಒಳಗೆ ಒತ್ತಡದ ನೈಟ್ರೋಜನ್ ಅನಿಲ ತುಂಬಿದ ಶಾಕನ್ನು ಕೊರೆಯಲು, ಬೆಂಕಿಗೆ ಹಿಡಿಯಲು ಹೊರಡುವವರೂ ಇದ್ದಾರೆ. ಅದು ಸಿಡಿದರೆ ಕೈಯೂ ಕಣ್ಣೂ ಉಳಿಯುವುದಿಲ್ಲ. ಬೆಸುಗೆ ಕಿತ್ತುಬರುವುದು ಗ್ಯಾರೇಜಿನ ಮುಂದಲ್ಲ, ಮಗುವನ್ನು ಮುಂದೆ ಕೂರಿಸಿಕೊಂಡು ಇಳಿಜಾರು ಇಳಿಯುವಾಗ. ಹುಡುಗರನ್ನು ಬೈದು ಫಲವಿಲ್ಲ. ಸರಿಯಾದುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಯಾರು ಹೇಳಿದ್ದಾರೆ? ನಮ್ಮ ಕಡೆ ಗಾಡಿಯ ಜೊತೆ ಬರುವ ಪುಸ್ತಿಕೆಗಳಲ್ಲಿ ನಾನು ತೆರೆದು ನೋಡಿದ ಒಂದೂ ಕನ್ನಡದಲ್ಲಿರಲಿಲ್ಲ.

ಈ ವಿದ್ಯೆ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಕೋಲಾರದ ಬಳಿ ಮಣ್ಣುದಾರಿಯ ಸವಾರಿ ಕಲಿಸುವ ಬಿಗ್ ರಾಕ್ ಎಂಬ ತಾಣವನ್ನೂ ಕಟ್ಟಿದರು. 2021ರ ಜನವರಿಯಲ್ಲಿ ಅದೇ ರ್ಯಾಲಿಯಲ್ಲಿ ಬಿದ್ದು ಅವರು ಕೋಮಾಸ್ಥಿತಿಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತೆಂಬುದನ್ನೂ ಹುಡುಗರು ನೆನಪಿಡಬೇಕು. ಅನುಭವಿಗಳಿಗೇ ಆ ದಾರಿ ಅಷ್ಟು ಕಠಿಣ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಡಾಕಾರ್ ಮುಗಿಸಿದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ರ್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದರು. ನಿಮ್ಮ ರಾಜ್ಯದ ಶೊರ್ನೂರಿನ ಹರಿತ್ ನೋವಾ 2024ರಲ್ಲಿ ಡಾಕಾರ್‌ನಲ್ಲಿ 11ನೆಯವರಾಗಿ, ರ್ಯಾಲಿ 2 ವಿಭಾಗದಲ್ಲಿ ಮೊದಲಿಗರಾದರು. ಅರವಿಂದ್, ಐಶ್ವರ್ಯ, ಹರಿತ್ ಮೂವರೂ ಓಡಿಸಿದ್ದು ಹೊಸೂರಿನ ಟಿ.ವಿ.ಎಸ್. ತಂಡದ ಪರವಾಗಿ. ಹೊಸೂರೂ ನಮ್ಮಂತೆಯೇ ಕನ್ನಡ ಕೇಳಿಸುವ ಗಡಿ ಊರು. ಇಂಥ ಒಬ್ಬ ಸವಾರನ ಹಿಂದೆ ರಾತ್ರಿಯಿಡೀ ಶಾಕ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕುಗಳಿರುತ್ತಾರೆ. ಸವಾರನಾಗುವ ಭಾಗ್ಯ ಕೆಲವರಿಗೆ ಮಾತ್ರ. ಮೆಕ್ಯಾನಿಕ್ಕಾಗುವ ದಾರಿ ಹಲವರಿಗೆ ತೆರೆದಿರಬೇಕು.

ಆ ದಾರಿ ನಮ್ಮ ಮಕ್ಕಳಿಗೆ ಎಲ್ಲಿ ಮುಚ್ಚುತ್ತದೆ? ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯವಿರಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಯನ್ನು ಹೋರಾಡಿ ಉಳಿಸಿಕೊಂಡಿದ್ದೇವೆ. ಹತ್ತನೆಯ ತರಗತಿ ದಾಟಿ ಐ.ಟಿ.ಐ. ಮೆಟ್ಟಿಲೇರಿದ ಹುಡುಗನಿಗೆ ಕನ್ನಡ ಅಲ್ಲಿಗೆ ಮುಗಿಯಿತು. ಮೊದಲ ಮೂರು ತಿಂಗಳು ಏನೂ ತಿಳಿಯದೆ ಹಿಂದಿನ ಬೆಂಚಿನಲ್ಲಿ ಕುಳಿತು, ತನಗೆ ಬುದ್ಧಿಯೇ ಇಲ್ಲವೆಂದು ತೀರ್ಮಾನಿಸಿ ಊರಿಗೆ ಮರಳಿದ ಹುಡುಗರನ್ನು ನಾನು ಬಲ್ಲೆ. ಬುದ್ಧಿ ಇತ್ತು. ತಿಳಿಯಲು ಬೇಕಾದ ಭಾಷೆಯ ಆಸರೆ ಇರಲಿಲ್ಲ. ಅವನ ತಂಗಿಯನ್ನು ಮರುವರ್ಷ ಕನ್ನಡ ಶಾಲೆಯಿಂದ ಬಿಡಿಸಿದರೆ ತಂದೆತಾಯಿಗಳನ್ನು ಯಾವ ಬಾಯಿಂದ ಆಕ್ಷೇಪಿಸುವುದು?

ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಸೂತ್ರವೇ ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬುದು. ನಮ್ಮ ಹುಡುಗನಿಗೆ ತಿಳಿದಿರುವುದು ಅಪ್ಪನ ಗಾಡಿ. ಪಾಠದಲ್ಲಿ ಬರುವ ಬಲ, ಒತ್ತಡ, ಘರ್ಷಣೆ, ಶಕ್ತಿಯ ರೂಪಾಂತರ ಎಲ್ಲವೂ ಆ ಗಾಡಿಯಲ್ಲೇ ಇವೆ. ಶಾಲೆಯ ಅಂಗಳಕ್ಕೆ ಒಂದು ಗಾಡಿ ತಂದು ನಿಲ್ಲಿಸಿ ಇಳಿತವನ್ನು ಅಳೆಸಿದರೆ ಹುಕ್‌ನ ನಿಯಮವನ್ನು ಉರುಹೊಡೆಯಬೇಕಾಗಿಲ್ಲ.

ಕೆಲವರು ಕೇಳಬಹುದು: ಫೋರ್ಕ್, ಸೀಲ್, ಬುಶ್ ಎಲ್ಲವೂ ಇಂಗ್ಲಿಷ್ ಶಬ್ದಗಳಲ್ಲವೆ, ಇದರಲ್ಲಿ ಕನ್ನಡವೆಲ್ಲಿದೆ? ಶಬ್ದ ಎಲ್ಲಿಂದಲಾದರೂ ಬರಲಿ. ನಮ್ಮ ಗ್ಯಾರೇಜಿಗೆ ಬಂದು ನಮ್ಮ ವಿಭಕ್ತಿಯನ್ನು ಹಚ್ಚಿಕೊಂಡ ಮೇಲೆ ಅದು ನಮ್ಮದೇ. ಏಕೆ, ಹೇಗೆ, ಆದ್ದರಿಂದ ಎಂಬ ಮೂರು ಮಾತು ಕನ್ನಡದಲ್ಲಿದ್ದರೆ ಸಾಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಅಲ್ಲಿನ ಕೆಲಸಗಾರರ ಬಾಯಲ್ಲಿ ಕನ್ನಡವಿತ್ತೆಂದು ಆ ಗಾಡಿಗಳೇನೂ ಓಡದೆ ನಿಲ್ಲಲಿಲ್ಲ. ಇನ್ನು ಕೆಲವರು ಇದರಿಂದ ಹುಡುಗರ ಪುಂಡಾಟಕ್ಕೆ ಕುಮ್ಮಕ್ಕು ಕೊಟ್ಟಂತಾಗುತ್ತದೆ ಎನ್ನಬಹುದು. ಶಾಕು ಹೇಗೆ ಕೆಲಸ ಮಾಡುತ್ತದೆಂದು ಬಲ್ಲವನು ಅದಕ್ಕೆ ಕಬ್ಬಿಣದ ತುಂಡು ಬೆಸೆಯುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

ಕೇಳುವುದು ಹೆಚ್ಚೇನಿಲ್ಲ. ದ್ವಿಚಕ್ರ ವಾಹನದ ಪಾಲನೆಯ ಬಗ್ಗೆ ಚಿತ್ರಸಹಿತವಾದ ನಲವತ್ತು ಪುಟಗಳ ಕನ್ನಡ ಪುಸ್ತಿಕೆಯೊಂದನ್ನು ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವೋ ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ತಂದು, ಗಡಿಯಾಚೆಯ ಕನ್ನಡ ಶಾಲೆಗಳಿಗೆ ಹಂಚಲಿ. ಗಡಿನಾಡ ಉತ್ಸವಗಳ ಶಾಲು ಹಾರಗಳ ಖರ್ಚಿನ ಒಂದು ಪಾಲು ಇದಕ್ಕೆ ಸಾಕು. ಕನ್ನಡ ಮಕ್ಕಳಿರುವ ಐ.ಟಿ.ಐ.ಗಳಲ್ಲಿ ಮೊದಲ ಮೂರು ತಿಂಗಳಾದರೂ ಕನ್ನಡ ಬಲ್ಲ ಬೋಧಕರೊಬ್ಬರನ್ನು ಎರಡೂ ರಾಜ್ಯಗಳ ಸರಕಾರಗಳು ಒದಗಿಸಲಿ. ಸರಕಾರಕ್ಕೆ ಕಾಯದೆ ನಾವೇ ಮಾಡಬಹುದಾದುದೂ ಒಂದಿದೆ: ಊರಿನ ಒಳ್ಳೆಯ ಮೆಕ್ಯಾನಿಕ್ಕನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಮಕ್ಕಳಿಗೆ ಕೈಕೆಲಸ ತೋರಿಸುವಂತೆ ಕೇಳಿಕೊಳ್ಳುವುದು. ಬದಿಯಡ್ಕದಲ್ಲಿ, ಪೆರ್ಲದಲ್ಲಿ, ಮಂಜೇಶ್ವರದಲ್ಲಿ ಅಂಥವರು ಇರಲೇಬೇಕು, ಗುಮ್ಮಘಟ್ಟದಲ್ಲಿಯೂ ಇದ್ದಾರೆ. ಬರುವ ಜೂನಿನಲ್ಲಿ ಶಾಲೆ ತೆರೆದಾಗ ಎರಡೂ ಗಡಿಗಳ ಅಧ್ಯಾಪಕ ಬಂಧುಗಳೂ ಪೋಷಕರೂ ಇದನ್ನು ಪ್ರಾರಂಭಿಸಿ ನೋಡಬೇಕೆಂದು ವಿನಂತಿ.

— ಕನ್ನಡ ಮಾಧ್ಯಮ ಪ್ರೌಢಶಾಲಾ ಅಧ್ಯಾಪಕ, ಟಿ.ಸಿ.ಎಚ್., ಗುಮ್ಮಘಟ್ಟ