ರೋಗದ ಪಾಠಕ್ಕೆ ನಮ್ಮ ತೋಟ, ಕಾಡು ಸೇರಲಿ

ಮಳೆಗಾಲದಲ್ಲಿ ಬಂಟ್ವಾಳ ತಾಲ್ಲೂಕಿನ ಅಡಿಕೆ ತೋಟಕ್ಕಿಳಿದು, ಉದುರಿ ಬಿದ್ದ ಹಾಳೆಯೊಂದನ್ನು ಬಗ್ಗಿ ನೋಡಿ. ಮಡಿಕೆಯಲ್ಲಿ ಅರ್ಧ ಲೋಟ ನೀರು ನಿಂತಿರುತ್ತದೆ, ಅದರೊಳಗೆ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗಾಡುತ್ತಿರುತ್ತವೆ. ಪಕ್ಕದ ರಬ್ಬರ್ ತೋಟದಲ್ಲಿ ಕವುಚಿ ಹಾಕದೆ ಬಿಟ್ಟ ಗೆರಟೆಗಳಲ್ಲೂ ಇದೇ ಸ್ಥಿತಿ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. 2008ರಲ್ಲಿ ಚಿಕೂನ್‌ಗುನ್ಯಾ ದಕ್ಷಿಣ ಕನ್ನಡದ ಊರೂರುಗಳಲ್ಲಿ ಜನರ ಗಂಟುಗಂಟನ್ನೂ ಹಿಂಡಿ ಹಾಕಿದ್ದರ ಹಿಂದೆ ಇಂಥ ಪುಟ್ಟ ಪುಟ್ಟ ನೀರಿನ ತಾಣಗಳಿದ್ದವು.

ಇನ್ನು ಶಾಲೆಯ ಕಂಪ್ಯೂಟರ್ ಕೊಠಡಿಗೆ ಬನ್ನಿ. ರೋಗ ಹರಡುವ ಬಗೆಯನ್ನು ಪರದೆಯ ಮೇಲೆ ತೋರಿಸುವ ಕಲಿಕಾ ತಂತ್ರಾಂಶಗಳು ಹಲವಿವೆ. ಅಮೆರಿಕದ ಉರಿ ವಿಲೆನ್‌ಸ್ಕಿ 1999ರಲ್ಲಿ ರೂಪಿಸಿದ ನೆಟ್‌ಲೋಗೊ ಉಚಿತವಾಗಿಯೇ ಸಿಗುತ್ತದೆ. ಅದರ ‘ವೈರಸ್’ ಮಾದರಿಯಲ್ಲಿ ಚೌಕವೊಂದರೊಳಗೆ ಪುಟ್ಟ ಮನುಷ್ಯಾಕೃತಿಗಳು ಅಡ್ಡಾಡುತ್ತವೆ. ಸೋಂಕಿತ ಆಕೃತಿ ಎದುರಾದರೆ ಇನ್ನೊಂದರ ಬಣ್ಣ ಬದಲಾಗುತ್ತದೆ. ಜನ ಎಷ್ಟು, ಸೋಂಕು ಎಷ್ಟು ಜೋರು, ಕಾಯಿಲೆ ಎಷ್ಟು ಕಾಲ ಎಂಬುದನ್ನು ಮಕ್ಕಳೇ ಏರಿಸಿ ಇಳಿಸಿ ನೋಡಬಹುದು. ಇಂಥವು ಕಾಲಕಾಲಕ್ಕೆ ಬದಲಾಗಿಯೂ ಇವೆ. 2012ರಲ್ಲಿ ಬಂದ ‘ಪ್ಲೇಗ್ ಇಂಕ್’ ಆಟದಲ್ಲಿ ರೋಗ ಹರಡಿಸಿದವರಿಗೆ ಗೆಲುವು ಸಿಗುತ್ತಿತ್ತು. ಕೋವಿಡ್ ಬಂದ 2020ರಲ್ಲಿ, ರೋಗ ತಡೆದವರು ಗೆಲ್ಲುವ ಬಗೆಯೂ ಅದಕ್ಕೆ ಸೇರಿತು.

ನಮ್ಮ ಮಕ್ಕಳಿಗೆ ಬೇಕಾದ ಪರಿಷ್ಕರಣೆ ಇನ್ನೂ ಆಗಿಲ್ಲ. ಆ ಚೌಕದೊಳಗೆ ಹಾಳೆ, ಗೆರಟೆ, ಕಾಡು, ಮಳೆ ಬರಬೇಕು.

ಅಕ್ಕಪಕ್ಕದ ಮೂರು ತಾಲ್ಲೂಕುಗಳನ್ನೇ ನೋಡಿ. ಮೂಡುಬಿದಿರೆ ಕಾಲೇಜು, ವಿದ್ಯಾರ್ಥಿನಿಲಯಗಳ ಊರು. ಒಂದೇ ಕೋಣೆ, ಒಂದೇ ಊಟದ ಸಾಲು ಇರುವಲ್ಲಿ ಫ್ಲೂ, ಕೆಪ್ಪಟೆಯಂಥವು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಅಲ್ಲಿಗೆ ಅಡ್ಡಾಡುವ ಆಕೃತಿಗಳ ಮಾದರಿ ಸರಿಹೊಂದುತ್ತದೆ. ಬಂಟ್ವಾಳದ ತೋಟಗಳ ಡೆಂಗಿಗೆ ನಡುವೆ ಸೊಳ್ಳೆಯೊಂದನ್ನು ಸೇರಿಸದೆ ಲೆಕ್ಕ ಕೂಡದು. ಬೆಳ್ತಂಗಡಿಯದು ಮೂರನೆಯ ಬಗೆ. ಗೇರು ತೋಪಿಗಾಗಿ ಕಾಡು ಕಡಿದ ಬಳಿಕ ಪಟ್ರಮೆ, ನಿಡ್ಲೆ ಕಡೆ ಮಂಗನ ಕಾಯಿಲೆ ಎದ್ದಿತು. 1983ರ ಸುಮಾರಿನ ಆ ಹಾವಳಿಯಲ್ಲಿ 1,500ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಸುಮಾರು 150 ಮಂದಿ ಸತ್ತರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಟ್ಟಿಗೆ ಸೊಪ್ಪು, ತರಗೆಲೆ ತರಲು ಹೋದವರ ಕಾಲಿಗೆ ಹತ್ತುವ ಉಣುಗು ಅದನ್ನು ದಾಟಿಸುತ್ತದೆ.

ಆಕೃತಿಗಳು ಡಿಕ್ಕಿ ಹೊಡೆಯುವ ಮಾದರಿಯೊಂದನ್ನೇ ನೋಡಿ ಬೆಳೆದ ಮಗು ಎಲ್ಲ ಜ್ವರಕ್ಕೂ ರೋಗಿಯನ್ನೇ ದೂರ ಇಡಬೇಕೆಂದು ತಿಳಿಯುತ್ತದೆ. ಮಂಗನ ಕಾಯಿಲೆಯ ಮನೆಗೆ ಊರವರು ಕಾಲಿಡಲು ಹೆದರುತ್ತಾರೆ, ಕಾಡಿಗೆ ಮಾತ್ರ ಕೈಕಾಲಿಗೆ ಉಣುಗು ತಡೆಯುವ ಎಣ್ಣೆಯನ್ನೂ ಹಚ್ಚದೆ ಹೋಗುತ್ತಾರೆ. ತಪ್ಪು ಮಾದರಿ ತಪ್ಪು ಭಯವನ್ನು ಕಲಿಸುತ್ತದೆ.

ಇಂಥ ಮಾದರಿಗಳ ಹಿಂದಿನ ಗಣಿತದ ಬೇರು ನಮ್ಮ ನೆಲದಲ್ಲೂ ಇದೆ. 1895ರಲ್ಲಿ ಕಾಲರಾ ನಿಯಂತ್ರಣಕ್ಕೆಂದು ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡರು. ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನೇ ಕರಗುತ್ತದೆ ಎಂಬುದನ್ನು ಮುಂದೆ ಲೆಕ್ಕ ಹಾಕಿ ತೋರಿಸಿದರು. ಇಂದಿನ ಬಹುತೇಕ ಮಾದರಿಗಳ ಮೂಲವಾದ 1927ರ ಪ್ರಬಂಧವನ್ನು ಕರ್ಮ್ಯಾಕ್ ಜತೆ ಬರೆದ ಮೆಕೆಂಡ್ರಿಕ್, ಭಾರತದ ವೈದ್ಯಕೀಯ ಸೇವೆಯಲ್ಲಿದ್ದವರು. ತಮ್ಮ ಸೂತ್ರವನ್ನು ಅವರು ಒರೆಗೆ ಹಚ್ಚಿದ್ದು 1905–06ರ ಮುಂಬೈ ಪ್ಲೇಗ್ ಸಾವುಗಳ ಅಂಕಿಗಳಿಗೆ.

ರಾಸ್ ಹೇಳಿದ ಆ ಮಿತಿಯನ್ನು ಹತ್ತನೇ ತರಗತಿಯ ಮಕ್ಕಳಿಗೆ ಅರ್ಥ ಮಾಡಿಸುವುದು ಹೇಗೆ? ಅಡಿಕೆಯ ಕೊಳೆರೋಗದಿಂದ ಶುರು ಮಾಡಬಹುದು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ಮಳೆಹನಿ, ಗಾಳಿಯ ಜತೆ ಅದು ಗೊನೆಯಿಂದ ಗೊನೆಗೆ ಹಾರುವುದನ್ನು ಇಲ್ಲಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಪರದೆಯ ಮೇಲೆ ಒಂಬತ್ತು ಅಡಿ ಅಂತರದಲ್ಲಿ ನೂರು ಮರ ನಿಲ್ಲಿಸಿ. ಒಂದಕ್ಕೆ ರೋಗ ಹತ್ತಿಸಿ. ಮಳೆ ಬಂದ ಪ್ರತಿ ದಿನವೂ ಪಕ್ಕದ ಮರಕ್ಕೆ ದಾಟುವ ಸಾಧ್ಯತೆ ಇಷ್ಟೆಂದು ಕೊಡಿ. ಮೊದಲ ಸಲ ಯಾವ ಮರಕ್ಕೂ ಮದ್ದು ಬಿಡಬೇಡಿ. ಮುಂದಿನ ಸಲ ಮೂವತ್ತಕ್ಕೆ, ಆಮೇಲೆ ಎಪ್ಪತ್ತಕ್ಕೆ ಬಿಡಿ. ಎಪ್ಪತ್ತಾಗುವ ಹೊತ್ತಿಗೆ ಮದ್ದು ಬಿಡದ ಮರಗಳಲ್ಲೂ ಹಲವು ಉಳಿದುಕೊಂಡಿರುತ್ತವೆ. ಲಸಿಕೆ ಹಾಕಿಸಿಕೊಂಡವರು ಹಾಕಿಸಿಕೊಳ್ಳಲಾಗದ ಶಿಶುವನ್ನೂ ಕಾಯುವುದು ಹೀಗೆಯೇ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಬಂಟ್ವಾಳ ತಾಲ್ಲೂಕಿನಲ್ಲೇ ಇದೆ. ಪರದೆಯ ಲೆಕ್ಕವನ್ನು ಅಲ್ಲಿನ ವಿಜ್ಞಾನಿಗಳ ಮುಂದಿಟ್ಟು ತಿದ್ದಿಸಬಹುದು.

ಕೋವಿಡ್ ಕಾಲದಲ್ಲಿ ಎಷ್ಟೋ ಮುನ್ಸೂಚನೆಗಳು ತಲೆಕೆಳಗಾದವು, ಇಂಥದ್ದನ್ನು ಮಕ್ಕಳಿಗೇಕೆ ಕಲಿಸಬೇಕು ಎಂದು ಕೇಳುವವರಿದ್ದಾರೆ. ಕಲಿಸಬೇಕಾದ ಕಾರಣವೇ ಅದು. ಮಾದರಿ ಎಂದರೆ ಭವಿಷ್ಯವಾಣಿಯಲ್ಲ. ‘ಹೀಗಿದ್ದರೆ ಹೀಗಾದೀತು’ ಎಂಬ ವಾದ. ಒಳಗಿನ ಊಹೆಯನ್ನು ಬದಲಿಸಿ ನೋಡಿದ ಮಗು ಮುಂದೆ ಅಂಕಿಗಳಿಗೆ ಸುಮ್ಮನೆ ಹೆದರುವುದಿಲ್ಲ, ಸುಮ್ಮನೆ ನಂಬುವುದೂ ಇಲ್ಲ. ಆದರೆ ಎನ್‌ಸಿಇಆರ್‌ಟಿ 2022ರಲ್ಲಿ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ, ನಾವೇಕೆ ಕಾಯಿಲೆ ಬೀಳುತ್ತೇವೆ ಎಂದು ವಿವರಿಸುವ ಅಧ್ಯಾಯವನ್ನೇ ಕೈಬಿಟ್ಟಿತು. ಜಗತ್ತೇ ಕಾಯಿಲೆ ಬಿದ್ದು ಏಳುತ್ತಿದ್ದ ಹೊತ್ತಿನಲ್ಲಿ ತೆಗೆದುಕೊಂಡ ಈ ತೀರ್ಮಾನ ದೊಡ್ಡ ತಪ್ಪು.

ಊರಿನ ವಿವರ ಸೇರಿದರೆ ತಂತ್ರಾಂಶಕ್ಕೆ ಎಷ್ಟು ಬಲ ಬರುತ್ತದೆ ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಮಂಗಳೂರಿನಲ್ಲಿ 2015ರಿಂದ ಆರೋಗ್ಯ ಕಾರ್ಯಕರ್ತರು ಪ್ರತಿ ಮಲೇರಿಯಾ ಪ್ರಕರಣವನ್ನೂ ಟ್ಯಾಬ್‌ನಲ್ಲಿ ದಾಖಲಿಸಿ ಬೆನ್ನುಹತ್ತಿದರು. ನಂತರದ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಮಂಗನ ಕಾಯಿಲೆಯ ಅಪಾಯದ ನಕ್ಷೆ ರೂಪಿಸುವಾಗ ರಾಜ್ಯದ ಆರೋಗ್ಯ ಇಲಾಖೆಯನ್ನೂ ಜತೆಗೂಡಿಸಿಕೊಂಡು, ಕಾಡು ಮತ್ತು ದನಕರುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಊರಿನ ವಿವರ ಸೇರಿದ ಇಂಥ ಕಲಿಕಾ ತಂತ್ರಾಂಶಕ್ಕೆ ಕೋಟಿಗಟ್ಟಲೆ ಹಣ ಬೇಡ. ಮೂಡುಬಿದಿರೆ, ಉಜಿರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಇದನ್ನು ಮಾಡಬಹುದು. ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲಿರಲಿ, ಇಂಟರ್ನೆಟ್ ಇಲ್ಲದೆಯೂ ನಡೆಯಲಿ, ಒಳಗಿನ ನಿಯಮಗಳನ್ನು ಶಿಕ್ಷಕರು ತಿದ್ದುವಂತಿರಲಿ. ಮಳೆಗೆ ಕರೆಂಟು ಹೋದರೆ ಜಗಲಿಯಲ್ಲಿ ಅಡಿಕೆ ಸಾಲಿಟ್ಟು, ದಾಳ ಹಾಕಿ ಅದೇ ಪಾಠ ಮಾಡಬಹುದು.

ನಮ್ಮಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ರಾಜ್ಯವಿದು. ಜೂನ್‌ನ ಮೊದಲ ವಾರ ಮಕ್ಕಳು ತಮ್ಮ ತೋಟದ ಹಾಳೆ, ಗೆರಟೆಗಳನ್ನು ಎಣಿಸಿ ತರಲಿ, ಆ ಲೆಕ್ಕವನ್ನೇ ಮಾದರಿಗೆ ತುಂಬಲಿ. ಅರ್ಧದಷ್ಟನ್ನು ಕವುಚಿ ಹಾಕಿದರೆ ರೋಗದ ಗೆರೆ ಎಷ್ಟು ಇಳಿಯುತ್ತದೆ ಎಂದು ಪರದೆಯಲ್ಲಿ ಕಂಡವರಿಗೆ, ಸಂಜೆ ತೋಟದಲ್ಲಿ ಏನು ಮಾಡಬೇಕೆಂದು ಬೇರೆಯಾಗಿ ಹೇಳಬೇಕಾಗುವುದಿಲ್ಲ.