ಡಂಬಳದ ಸೆಟ್ಟರು ಎಲ್ಲಿಯವರು?

ಬುದ್ಧ ಜಯಂತಿ ಹತ್ತಿರ ಬಂತೆಂದರೆ ಬೈಲಹೊಂಗಲದ ಚಹಾದಂಗಡಿಯಲ್ಲೂ ರಾಮದುರ್ಗದ ಬಸ್ ನಿಲ್ದಾಣದಲ್ಲೂ ಬೌದ್ಧ ಧರ್ಮದ ಬಗ್ಗೆ ಅದೇ ನಾಲ್ಕಾರು ಮಾತು. ಆಡುವವರು ಕೆಟ್ಟವರಲ್ಲ, ಕೆಲವರು ಗೆಳೆಯರೇ. ಅದಕ್ಕೇ ಸುಮ್ಮನಿರಲು ಮನಸ್ಸಾಗಲಿಲ್ಲ.

"ಇದು ನಾಗಪುರದಿಂದ ಬಂದದ್ದು, ನಮ್ಮ ಮಣ್ಣಿನದಲ್ಲ." 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆದದ್ದು ನಾಗಪುರದಲ್ಲಿ, ನಿಜ. ಆದರೆ ಸವದತ್ತಿಯಿಂದ ಹೊರಟು ಗದಗ ದಾಟಿದರೆ ಡಂಬಳ ಸಿಗುತ್ತದೆ. ಅಲ್ಲಿನ 1095ರ ಶಾಸನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರದ ಸುದ್ದಿ ಹೇಳುತ್ತದೆ, ತಾರಾದೇವಿಯ ವಿಹಾರವನ್ನೂ ನೆನೆಯುತ್ತದೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲವದು. ಅದಕ್ಕೂ ಮೂವತ್ತು ವರ್ಷ ಮೊದಲೇ ಬಳ್ಳಿಗಾವೆಯಲ್ಲಿ ದಂಡನಾಯಕನೊಬ್ಬ ವಿಹಾರ ಕಟ್ಟಿಸಿದ್ದ. ಇನ್ನೂ ಹಿಂದೆ ಹೋದರೆ ಮಸ್ಕಿ, ಕೊಪ್ಪಳದ ಬಂಡೆಗಳ ಮೇಲೆ ಅಶೋಕನ ಬರಹ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು 1915ರಲ್ಲಿ ಸಿಕ್ಕ ನಮ್ಮ ಮಸ್ಕಿ ಶಾಸನದಿಂದ. ಸವದತ್ತಿಯ ರಟ್ಟ ಅರಸರು ಒಲಿದದ್ದು ಜೈನ ಬಸದಿಗಳಿಗೆ, ಅದನ್ನೇನೂ ಮುಚ್ಚಿಡುವುದಿಲ್ಲ. ಆದರೆ ಬೌದ್ಧರು ಹೊರಗಿನವರಾದರೆ ಡಂಬಳದ ಸೆಟ್ಟರು ಯಾವ ಊರಿನವರು?

"ಎಲ್ಲಾ ದುಃಖ ಅನ್ನೋ ಧರ್ಮ ದುಡಿಯೋ ಮನುಷ್ಯಾಗ ಯಾಕ ಬೇಕು?" ಇದನ್ನು ಕೇಳಿದವರು ಹತ್ತಿ ಬೆಳೆಯುವವರು, ಹಾಗಾಗಿ ಹತ್ತಿಯಿಂದಲೇ ಹೇಳುತ್ತೇನೆ. ಕಾಯಿಗೆ ಹುಳ ಬಿದ್ದಿದೆ ಎಂದವನನ್ನು ನೀವು ನಿರಾಶಾವಾದಿ ಎನ್ನುವುದಿಲ್ಲ. ಹುಳ ಎಲ್ಲಿಂದ ಬಂತು, ಹೋಗುತ್ತದೋ ಇಲ್ಲವೋ, ಹೋಗಲು ಏನು ಮಾಡಬೇಕು ಎಂದು ಕೇಳುತ್ತೀರಿ. ಬುದ್ಧನ ನಾಲ್ಕು ಸತ್ಯಗಳ ಸಾಲೂ ಹೀಗೆಯೇ. ದುಃಖವಿದೆ, ಅದಕ್ಕೆ ತೃಷ್ಣೆ ಕಾರಣ, ಅದು ನಿಲ್ಲಬಲ್ಲದು, ನಿಲ್ಲಿಸಲು ಎಂಟು ಅಂಗಗಳ ದಾರಿ ಇದೆ. ನಮ್ಮ ಟೀಕಾಕಾರರು ಮೊದಲ ಸಾಲು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಆ ಎಂಟರಲ್ಲಿ ಸರಿಯಾದ ಮಾತಿದೆ, ಸರಿಯಾದ ಜೀವನೋಪಾಯವೂ ಇದೆ. ವಿಷ, ಮದ್ಯ, ಆಯುಧ ಮಾರಿ ಬದುಕಬೇಡ ಎನ್ನುವುದು ಸಂತೆಗೆ ಹೋಗುವವನಿಗೆ ಹೇಳಿದ ಮಾತೇ ಹೊರತು ಕಾಡಿಗೆ ಹೋಗುವವನಿಗಲ್ಲ.

ಕಿತ್ತೂರು ಕಡೆಯವರ ಪ್ರಶ್ನೆ ಬೇರೆ, ನನಗೆ ಹೆಚ್ಚು ಹಿಡಿಸಿದ್ದೂ ಅದೇ. "ಬಸವಣ್ಣ ಇದ್ದಾನಲ್ಲ, ಬುದ್ಧ ಯಾಕ?" ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ನೆನಪು ಇರುವ ಸೀಮೆ ಇದು, ಕೇಳುವ ಹಕ್ಕಿದೆ. ಜಾತಿಯನ್ನು ಅಲ್ಲಗಳೆದದ್ದರಲ್ಲಿ ಇಬ್ಬರೂ ಒಂದೇ. ಆದರೆ ಶರಣನ ಅಂಗೈಯಲ್ಲಿ ಲಿಂಗವಿದೆ, ಬುದ್ಧನ ಅಂಗೈ ಖಾಲಿ. ಸೃಷ್ಟಿಕರ್ತನ ಹಂಗಿಲ್ಲದ, ಅಳಿಯದ ಆತ್ಮವನ್ನೂ ಒಪ್ಪದ ದಾರಿ ಅವನದು. ಒಬ್ಬನಿದ್ದಾನೆಂದು ಇನ್ನೊಬ್ಬ ಬೇಡವಾಗುವುದಿಲ್ಲ, ಇಬ್ಬರೂ ಒಂದೇ ಎಂದು ಕಲಸುವುದೂ ಬೇಡ.

"ಮೀಸಲಾತಿಗಾಗಿ ಮತಾಂತರ" ಎಂಬುದಕ್ಕೆ ಎರಡು ಸಾಲು ಸಾಕು. ಬೌದ್ಧರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯೊಳಗೆ ಬಂದದ್ದು 1990ರಲ್ಲಿ. 1956ರಿಂದ ಅಲ್ಲಿಯವರೆಗೆ ಮೂವತ್ತನಾಲ್ಕು ವರ್ಷ ಕಳೆದುಕೊಂಡವರನ್ನು ಲಾಭಕ್ಕೆ ಬಂದವರು ಎನ್ನಲು ಲೆಕ್ಕ ಬರಬಾರದು. ಬುದ್ಧ ವಿಷ್ಣುವಿನ ಒಂಬತ್ತನೆಯ ಅವತಾರವೆಂಬ ಮಾತೂ ಅಷ್ಟೇ. ಅಂಬೇಡ್ಕರರ ದೀಕ್ಷೆಯ ದಿನದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಅದನ್ನು ಹೆಸರಿಟ್ಟೇ ನಿರಾಕರಿಸಲಾಗಿದೆ.

ಉಳಿದದ್ದು ಮೂರ್ತಿಯ ಮಾತು. "ದೇವರಿಲ್ಲ ಅಂತೀರಿ, ಮೇಣದಬತ್ತಿ ಹಚ್ತೀರಿ." ಹೂವು ಬಾಡುತ್ತದೆ, ದೀಪ ಆರುತ್ತದೆ, ಅನಿತ್ಯವನ್ನು ಕಣ್ಣೆದುರು ಇಟ್ಟುಕೊಳ್ಳುವ ರೀತಿ ಅದು, ಹರಕೆಯಲ್ಲ. ಹಾಗೆಂದು ಎಲ್ಲರೂ ಹಾಗೆ ಹಚ್ಚುತ್ತಾರೆ ಎಂದು ಸುಳ್ಳು ಹೇಳಲಾರೆ. ಬೆಳಿಗ್ಗೆ ಪಂಚಶೀಲ ಹೇಳಿ ಸಂಜೆ ಮೆರವಣಿಗೆಯಲ್ಲಿ ಕುಡಿದು ಕುಣಿಯುವವರನ್ನೂ ಕಂಡಿದ್ದೇನೆ. ಐದನೆಯ ಶೀಲ ಹೇಳುವುದು ಕುಡಿಯಬೇಡ ಎಂದೇ. ಅಲ್ಲಿ ನೀವು ಬೈದರೆ ನಾನೂ ದನಿಗೂಡಿಸುತ್ತೇನೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತಿ 'ಉಧೋ' ಎಂದು ಬಂದು, ವೈಶಾಖ ಹುಣ್ಣಿಮೆಗೆ 'ಬುದ್ಧಂ ಶರಣಂ' ಎನ್ನುವ ಅಜ್ಜಿಯರೂ ನಮ್ಮಲ್ಲಿದ್ದಾರೆ. ಪ್ರತಿಜ್ಞೆಗಳ ಪ್ರಕಾರ ಅದು ತಪ್ಪು. ಆದರೆ ಅದೇ ಗುಡ್ಡದ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದ ಕಾಲವನ್ನು ಕಂಡವರು ಅವರು. ಅವರನ್ನು ನೋಡಿ ನಗುವ ಗೆಳೆಯರೇ, ಆ ಮುತ್ತು ನಿಮ್ಮ ಮನೆಯ ಯಾವ ಹುಡುಗಿಯ ಕೊರಳಿಗೆ ಬಿದ್ದಿತ್ತು?