ಎಳೆಯ ಮನಸ್ಸಿನ ಗಾಯಕ್ಕೂ ಆರೈಕೆ ಬೇಕು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳಲ್ಲಿ ಸಂಭವಿಸಿದ ಭೂಕುಸಿತದಲ್ಲಿ ನೂರಾರು ಜನರು ಅಸುನೀಗಿದರು. ಕನ್ನಡ ನಾಡಿನಿಂದ ಹೋಗಿ ನೆಲೆಸಿದ್ದವರೂ ಅವರಲ್ಲಿದ್ದರು. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ದತ್ತು ಪಡೆಯಲು ಅನೇಕರು ಮುಂದೆ ಬಂದರು. ಆ ಅಂತಃಕರಣ ದೊಡ್ಡದು. ಆದರೆ ಇಂತಹ ಪ್ರತಿಯೊಂದು ಆಪತ್ತಿನಲ್ಲಿಯೂ ನಾವು ಮರೆಯುವ ಸಂಗತಿಯೊಂದಿದೆ. ‘ಇನ್ನೂ ಕೂಸು, ಅದಕ್ಕೇನು ತಿಳಿಯುತ್ತದೆ’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

ಮಾತು ಬಾರದ ಮಗುವೂ ಭಯವನ್ನು ಅನುಭವಿಸುತ್ತದೆ. ಅದನ್ನು ನಡವಳಿಕೆಯಲ್ಲಿ ತೋರುತ್ತದೆ. ನಿದ್ರೆಯಲ್ಲಿ ಬೆಚ್ಚಿಬೀಳುವುದು, ಊಟ ಬಿಡುವುದು, ಕಲಿತ ಮಾತನ್ನು ಮರೆಯುವುದು, ಮತ್ತೆ ಹಾಸಿಗೆ ಒದ್ದೆ ಮಾಡುವುದು, ಎತ್ತಿಕೊಂಡವರನ್ನು ಬಿಡದಿರುವುದು, ಆಟದಲ್ಲಿ ಅದೇ ಘಟನೆಯನ್ನು ಪುನರಾವರ್ತಿಸುವುದು ಇದರ ಲಕ್ಷಣಗಳು. ಇದನ್ನು ಹಟವೆಂದು ಗದರಿಸಬಾರದು.

2000ದಲ್ಲಿ ರುಮೇನಿಯದ ಬುಕಾರೆಸ್ಟಿನಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಕುರಿತ ಅಧ್ಯಯನವೊಂದು ಆರಂಭವಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬ ಸೇರಿದ ಮಕ್ಕಳು ಬುದ್ಧಿಯಲ್ಲಿಯೂ ಬಾಂಧವ್ಯದಲ್ಲಿಯೂ ಹೆಚ್ಚು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಸೇರಿದವರಿಗೆ ಹೆಚ್ಚಿನ ಲಾಭವಾಯಿತು. ಅನ್ನ, ವಸ್ತ್ರ, ಸೂರು ಇದ್ದರೂ ತನ್ನವರೆಂಬ ಒಬ್ಬರಿಲ್ಲದೆ ಕೂಸಿನ ಮನಸ್ಸು ಬೆಳೆಯದು ಎಂಬುದು ಇದರ ತಾತ್ಪರ್ಯ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಮಾರ್ಗವಾಗಿರಬೇಕೆಂದು ಹೇಳುತ್ತದೆ.

ದಾಸೋಹದ ಪರಂಪರೆಯುಳ್ಳ ನಮ್ಮ ಸಮಾಜ ಇದನ್ನು ಗಂಭೀರವಾಗಿ ಆಲೋಚಿಸಬೇಕಾಗಿದೆ. ಶಾಲೆಗೆ ಹೋಗುವ ಬಾಲಕರಿಗೆ ಉಚಿತ ಪ್ರಸಾದನಿಲಯ ಆಸರೆಯಾದೀತು. ಎರಡು ವರ್ಷದ ಕೂಸಿಗೆ ಅದು ಸಾಲದು. ಅಜ್ಜಿಯೋ ಸೋದರತ್ತೆಯೋ ಸಾಕಲು ಸಿದ್ಧರಿದ್ದರೆ ಮಗುವನ್ನು ಕರೆತರುವ ಬದಲು ಆ ಮನೆಗೆ ದವಸ, ಧನಸಹಾಯ ತಲುಪಿಸುವುದೇ ನಿಜವಾದ ದಾಸೋಹ. ಬಂಧುಗಳಿಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಮುಂದುವರಿಯಬೇಕು. ನೇರವಾಗಿ ಮಗುವನ್ನು ಪಡೆಯುವುದು ಕಾನೂನುಬಾಹಿರ.

ಮನೆಯಲ್ಲಿ ಮಾಡಬಹುದಾದದ್ದು ಸರಳವಾಗಿದೆ. ಒಬ್ಬರೇ ಉಣಿಸಲಿ, ಒಬ್ಬರೇ ಮಲಗಿಸಲಿ, ದಿನಚರಿ ಬದಲಾಗದಿರಲಿ. ನಡೆದದ್ದನ್ನು ಹೇಳೆಂದು ಪೀಡಿಸಬಾರದು. ಕೇಳಿದಾಗ ಸುಳ್ಳನ್ನೂ ಹೇಳಬಾರದು. ಸಾಕುವವರ ದುಃಖಕ್ಕೂ ಆಸರೆ ಬೇಕು, ಏಕೆಂದರೆ ಅವರ ನೆಮ್ಮದಿಯೇ ಮಗುವಿನ ನೆಮ್ಮದಿ. ಲಕ್ಷಣಗಳು ತಿಂಗಳು ಕಳೆದರೂ ಉಳಿದರೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಉಚಿತವಾಗಿ ಲಭ್ಯವಿವೆ. ಸದ್ಭಕ್ತರು ಈ ಸಂಖ್ಯೆಗಳನ್ನು ತಮ್ಮೂರಿನ ಅಂಗನವಾಡಿಯ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇವೆ.